ಅವರ ರಿಪೋರ್ಟ್ ನಿಮ್ಮ ರಿಪೋರ್ಟ್ ಅಲ್ಲ

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡ್ ಒಯ್ಯುವ ಲಾರಿ ಡ್ರೈವರ್. ಕೆಮ್ಮು ನಿಲ್ಲದೆ ಆಸ್ಪತ್ರೆಗೆ ಹೋದಾಗ ಟಿಬಿ ಅಂದರು. ಜೊತೆಗೆ ಮಾಡಿದ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಪಾಸಿಟಿವ್ ಬಂತು. ಅತ್ತೆ ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ನಮಗೆ ಎರಡೂವರೆ ವರ್ಷದ ಮಗಳಿದ್ದಾಳೆ. ನಾನೂ ಪರೀಕ್ಷೆ ಮಾಡಿಸಬೇಕಾ? ತಾಲ್ಲೂಕು ಆಸ್ಪತ್ರೆಯಲ್ಲಿ ನಮ್ಮೂರಿನ ಹುಡುಗಿಯೇ ನರ್ಸ್. ಊರಿಗೆಲ್ಲ ಗೊತ್ತಾದರೆ ಹೇಗೆ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಂಗೀ, ಈ ವಾರವೇ ಮಾಡಿಸಿ. ಅವರ ರಿಪೋರ್ಟ್ ನಿಮ್ಮ ರಿಪೋರ್ಟ್ ಅಲ್ಲ. ವರ್ಷಗಟ್ಟಲೆ ಸಂಸಾರ ಮಾಡಿಯೂ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳನ್ನು ಆಪ್ತ ಸಮಾಲೋಚಕಿಯಾಗಿ ನಾನು ಬಹಳ ನೋಡಿದ್ದೇನೆ. ಕೊನೆಯ ಸಲ ಸೇರಿ 72 ಗಂಟೆ ಆಗಿಲ್ಲ ಎಂದಾದರೆ ವಾರವೂ ಕಾಯಬೇಡಿ, ಇವತ್ತೇ ಹೋಗಿ. ಸೋಂಕು ತಡೆಯುವ ಮಾತ್ರೆ ಇದೆ, 28 ದಿನ ತಗೋಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ಜನ ನೋಡುತ್ತಾರೆ ಅನ್ನೋ ಭಯ ನನಗೆ ಅರ್ಥ ಆಗುತ್ತದೆ. ಆದರೆ ಎಚ್‌ಐವಿ ಸಮಾಲೋಚನೆ, ಪರೀಕ್ಷೆ ಮಾಡುವ ಐಸಿಟಿಸಿ ಕೇಂದ್ರಕ್ಕೆ ಬಸುರಿಯರನ್ನೂ ಕಳಿಸುತ್ತಾರೆ, ಟಿಬಿ ಇದ್ದವರನ್ನೂ ಕಳಿಸುತ್ತಾರೆ. ಬೆಂಚಿನ ಮೇಲೆ ಕೂತವರು ಯಾಕೆ ಬಂದಿದ್ದಾರೆ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ. ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ, ಮಗಳು ಹೊಟ್ಟೆಯಲ್ಲಿದ್ದಾಗ ಮಾಡಿದ ಎಚ್‌ಐವಿ ಪರೀಕ್ಷೆ ಅದರಲ್ಲಿ ಬರೆದಿರಬಹುದು. ಆ ಕಾರ್ಡನ್ನೂ ಜೊತೆಗೆ ಒಯ್ಯಿರಿ. ನಿಮ್ಮ ತಾಲ್ಲೂಕೇ ಆಗಬೇಕೆಂದಿಲ್ಲ. ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಹುಬ್ಬಳ್ಳಿ ಕಿಮ್ಸ್‌ಗೆ ಹೋಗಿ, ದುಡ್ಡು ಕೇಳುವುದಿಲ್ಲ. ಮೊದಲು ಮಾತಾಡಿಸಿ, ನಿಮ್ಮ ಒಪ್ಪಿಗೆ ಪಡೆದು, ಆಮೇಲೆ ರಕ್ತ ತೆಗೆಯುತ್ತಾರೆ. ಮೊದಲ ಕಿಟ್‌ನಲ್ಲಿ ಸೋಂಕಿನ ಗುರುತು ಕಂಡರೆ ಬೇರೆ ಎರಡು ಕಿಟ್‌ಗಳಲ್ಲಿ ನೋಡಿಯೇ ಪಾಸಿಟಿವ್ ಅನ್ನುತ್ತಾರೆ. ರಿಪೋರ್ಟ್ ನಿಮ್ಮ ಕೈಗೇ ಕೊಡುತ್ತಾರೆ. ಅದನ್ನು ಆ ನರ್ಸ್ ಹುಡುಗಿ ಹೊರಗೆ ಬಾಯಿ ಬಿಟ್ಟರೆ ಅದು ತಪ್ಪು, 2017ರ ಎಚ್‌ಐವಿ ಕಾಯ್ದೆಯೇ ಹಾಗೆ ಹೇಳುತ್ತದೆ.

ನೆಗೆಟಿವ್ ಬಂದರೂ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ. ಇತ್ತೀಚೆಗೆ ತಗಲಿದ ಸೋಂಕು ಈಗಿನ ಪರೀಕ್ಷೆಯಲ್ಲಿ ಕಾಣದೇ ಇರಬಹುದು. ಪಾಸಿಟಿವ್ ಬಂದರೆ ಮಗಳಿಗೂ ಮಾಡಿಸಬೇಕು. ಅವಳಿಗೆ ಒಂದೂವರೆ ವರ್ಷ ದಾಟಿದೆಯಲ್ವಾ, ದೊಡ್ಡವರಿಗೆ ಮಾಡುವ ಪರೀಕ್ಷೆಯೇ ಸಾಕು. ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಅದನ್ನು ಸಮಾಲೋಚಕರಿಗೆ ಮರೆಯದೆ ಹೇಳಿ.

ಇನ್ನು ಅತ್ತೆಯ ತಟ್ಟೆ ವಿಷಯ. ಎಚ್‌ಐವಿ ತಟ್ಟೆಯಿಂದ ಬರುವುದಿಲ್ಲ. ಒಂದೇ ಲೋಟದಲ್ಲಿ ಚಹಾ ಕುಡಿದರೂ, ಒಂದೇ ಬಚ್ಚಲು ಬಳಸಿದರೂ, ಸೊಳ್ಳೆ ಕಚ್ಚಿದರೂ ಬರುವುದಿಲ್ಲ. ಅವರ ಮನಸ್ಸು ನೋಯಿಸುವುದು ಬಿಟ್ಟರೆ ಆ ಬೇರೆ ತಟ್ಟೆಯಿಂದ ಏನೂ ಉಪಯೋಗವಿಲ್ಲ. ಈಗ ಮನೆಯವರು ಜಾಗ್ರತೆ ಮಾಡಬೇಕಾದ್ದು ಟಿಬಿ ಬಗ್ಗೆ. ಅದು ಕೆಮ್ಮಿನ ಗಾಳಿಯಲ್ಲಿ ಹರಡುತ್ತದೆ. ಅವರು ಮಲಗುವ ಕೋಣೆಯ ಕಿಟಕಿ ತೆಗೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ. ಅತ್ತೆ, ನೀವು, ಮಗಳು ಮೂವರೂ ಟಿಬಿ ತಪಾಸಣೆಗೆ ಹೋಗಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಬಿ ಬಾರದಂತೆ ಔಷಧಿ ಕೊಡುತ್ತಾರೆ, ಕೇಳಿ ಪಡೆಯಿರಿ. ಅತ್ತೆಗೆ ಟಿಬಿ ವಿಷಯ ಹೇಳಿದರೆ ಸಾಕು. ಎಚ್‌ಐವಿ ವಿಷಯ ಇನ್ಯಾರಿಗೆ ಹೇಳಬೇಕು ಅನ್ನೋದು ನಿಮ್ಮ ಯಜಮಾನರಿಗೆ ಬಿಟ್ಟದ್ದು.

ಅವರಿಗೆ ಟಿಬಿ ಮಾತ್ರೆ ಮೊದಲು ಶುರುವಾಗುತ್ತದೆ, ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸ್ವಲ್ಪ ದಿನ ಬಿಟ್ಟು. ತಡ ಮಾಡುತ್ತಿದ್ದಾರೆ ಅಂತ ಗಾಬರಿಯಾಗಬೇಡಿ. ಎರಡೂ ಮಾತ್ರೆ ನಡೆಯುವಾಗ ಎಆರ್‌ಟಿಯಲ್ಲಿ ಒಂದು ಮಾತ್ರೆ ಜಾಸ್ತಿ ಕೊಡುವುದೂ ಉಂಟು. ಲಾರಿಯಲ್ಲಿ ದೂರ ಹೋಗುವಾಗ ಡಬ್ಬಿ ಬ್ಯಾಗಿನಲ್ಲೇ ಇರಲಿ, ಒಂದು ದಿನವೂ ತಪ್ಪಬಾರದು. ತಪ್ಪದೆ ತೆಗೆದುಕೊಂಡು, ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಸೇರುವುದರಿಂದ ನಿಮಗೆ ಹರಡುವುದಿಲ್ಲ. ಅಲ್ಲಿಯವರೆಗೆ ಪ್ರತಿ ಸಲವೂ ನಿರೋಧ್ ಬಳಸಿ. ಐಸಿಟಿಸಿಯಲ್ಲೇ ಕೇಳಿದರೆ ಪುಕ್ಕಟೆ ಸಿಗುತ್ತದೆ, ನಾಚಿಕೊಳ್ಳಬೇಡಿ.

ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 1097ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದ ಕೇಂದ್ರ ಎಲ್ಲಿದೆ ಅಂತಲೂ ಹೇಳುತ್ತಾರೆ. ಸೋಂಕಿತರೇ ಕಟ್ಟಿಕೊಂಡ ಸಂಘ ನಿಮ್ಮ ಜಿಲ್ಲೆಯಲ್ಲಿ ಇದೆಯಾ ಅಂತ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸಿ. ನಿಮ್ಮ ಯಜಮಾನರು ನಿಮ್ಮ ಹತ್ತಿರ ಹೇಳಲಾಗದ್ದನ್ನು ಅಲ್ಲಿ ಹೇಳಿಕೊಂಡಾರು.