ಅತ್ತೆಯವರನ್ನು ಮತ್ತೆ ಓಡಾಡಲು ಬಿಡಿ

ಚಿತ್ತಾಪುರದಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಅತ್ತೆಗೆ 72 ವರ್ಷ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿಯಿತು. ಈಗ ಕೂಡಿದೆ. ಆದರೂ ಭಯಕ್ಕೆ ಯಾವ ಕೆಲಸವನ್ನೂ ಮುಟ್ಟಿಸುವುದಿಲ್ಲ, ಹೊರಗೆ ಬಿಡುವುದಿಲ್ಲ. ಎಲ್ಲ ಕೂತಲ್ಲಿಗೇ ಕೊಡುತ್ತೇವೆ. ಅವರು ಮಾತೇ ಕಡಿಮೆ ಮಾಡಿದ್ದಾರೆ. ಇನ್ನೇನು ಮಾಡಬೇಕು?"

ಸೋದರಿ, ನಿಮ್ಮ ಕಾಳಜಿಗೆ ಕೊರತೆ ಇಲ್ಲ. ಆದರೆ ಅಷ್ಟೂ ಕಾಳಜಿ ಅವರನ್ನು ತಡೆಯುವುದಕ್ಕೇ ಹೋಗುತ್ತಿದೆ. ಸ್ವಲ್ಪ ಬಚ್ಚಲಿನ ಕಡೆ ತಿರುಗಿಸಿ.

ನಮ್ಮ ಕಲಬುರಗಿ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲವೇ ಜಾಸ್ತಿ. ಬಾಳಿಕೆ ಬರುವ ಕಲ್ಲು, ಬೇಸಿಗೆಗೆ ತಂಪು. ಆದರೆ ವರ್ಷಗಟ್ಟಲೆ ತಿಕ್ಕಿ ನುಣುಪಾದ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದರೆ ಹರೆಯದವರ ಕಾಲೂ ನಿಲ್ಲುವುದಿಲ್ಲ. ಗೌಂಡಿಯನ್ನು ಕರೆಸಿ, ಉಳಿಯಿಂದ ಕಲ್ಲನ್ನು ಒರಟು ಮಾಡಿಸಿ. ಕೂತು ಏಳುವಲ್ಲಿ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಸರಳನ್ನು ನಂಬಬೇಡಿ, ಅದು ಮನುಷ್ಯರ ಭಾರ ತಡೆಯುವುದಿಲ್ಲ. ಹಿಡಿಕೆ ಎಷ್ಟು ಎತ್ತರಕ್ಕೆ ಬೇಕು ಅಂತ ಅತ್ತೆಯವರನ್ನೇ ಕೇಳಿ, ಆಮೇಲೆ ಗೋಡೆ ಕೊರೆಸಿ. ರಾತ್ರಿ ಬಚ್ಚಲ ದಾರಿಗೆ ಒಂದು ಸಣ್ಣ ಬಲ್ಬ್ ಉರಿಯಲಿ.

ಇನ್ನೊಂದು ಮಾತು ಬಹಳ ಮುಖ್ಯ. ನಿಂತಲ್ಲಿಂದ ಜಾರಿ ಬಿದ್ದದ್ದಕ್ಕೇ ಕೈ ಮುರಿದಿದೆ ಅಂದರೆ ಮೂಳೆ ಸವೆದಿರಬಹುದು. ಮುಂದಿನ ಸಲ ಸೊಂಟದ ಮೂಳೆಗೇ ಪೆಟ್ಟಾದರೆ ಕಷ್ಟ. ಕೈ ಕೂಡಿತು ಅಂತ ಸುಮ್ನೆ ಬಿಡದೆ, ಮೂಳೆಯ ಗಟ್ಟಿತನ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಅತ್ತೆಯವರು ನುಂಗುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಪಿ ಗುಳಿಗೆ, ನಿದ್ರೆ ಗುಳಿಗೆಗಳಿಂದ ಕೆಲವರಿಗೆ ಎದ್ದ ಕೂಡಲೇ ತಲೆ ಸುತ್ತುತ್ತದೆ. ಹಾಗಂತ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಕಣ್ಣಿಗೆ ಪೊರೆ ಬಂದಿದೆಯಾ ಅಂತಲೂ ತೋರಿಸಿ.

ಇಷ್ಟಾದ ಮೇಲೆ ಅವರನ್ನು ಓಡಾಡಲು ಬಿಡಿ. ಕೂತೇ ಇದ್ದರೆ ತೊಡೆ, ಕಾಲುಗಳ ಶಕ್ತಿ ಇಳಿಯುತ್ತದೆ, ತೋಲ ತಪ್ಪುತ್ತದೆ. ಬೀಳಬಾರದು ಅಂತ ಕೂತೇ ಇರುವವರು ಬೀಳುವುದೇ ಜಾಸ್ತಿ. ನನಗೆ ಸಂಕಟ ಆಗುವುದು ಇದಕ್ಕೇ. ದಿನಾ ಕುರ್ಚಿಯಿಂದ ನಾಲ್ಕಾರು ಸಲ ಎದ್ದು ಕೂರುವುದೂ ಕಾಲಿಗೆ ಒಳ್ಳೆಯ ವ್ಯಾಯಾಮ. ಮೊದಮೊದಲು ಪಕ್ಕದಲ್ಲಿ ನೀವಿರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಹೊತ್ತು ಇಳಿದ ಮೇಲೆ ಓಣಿಯ ಕಟ್ಟೆಗೆ ಹೋಗಿ ಬರಲಿ. ವಯಸ್ಸಾದವರಿಗೆ ನೀರಡಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅವರು ಕೇಳುವ ಮೊದಲೇ ನೀರು, ಮಜ್ಜಿಗೆ ಕೊಡಿ.

ಕೆಲಸವೂ ಬೇಕು. ಜೋಳ ಹಸನು ಮಾಡುವುದು, ಸೊಪ್ಪು ಬಿಡಿಸುವುದು, ಅವರಿಗೆ ಯಾವುದು ಇಷ್ಟವೋ ಅದು. ಜೀವಮಾನವಿಡೀ ಮನೆ ನಡೆಸಿದವರು, ಅಲ್ವಾ?

ನಿಮ್ಮ ಓಣಿಯಲ್ಲಿ ನೋಡಿಕೊಳ್ಳುವವರಿಲ್ಲದ ಹಿರಿಯರಿದ್ದರೆ 14567ಕ್ಕೆ ಫೋನ್ ಮಾಡಬಹುದು. ಹಿರಿಯರಿಗಾಗಿಯೇ ಇರುವ ಉಚಿತ ಸಹಾಯವಾಣಿ ಅದು.

ಡಾಕ್ಟರ ಮುಂದೆ ಮಾತ್ರ ಅತ್ತೆಯ ಪರವಾಗಿ ನೀವು ಉತ್ತರ ಕೊಡಬೇಡಿ. ಎಲ್ಲಿ ನೋವು, ಯಾವಾಗ ತಲೆ ಸುತ್ತು, ಏನು ಭಯ ಅಂತ ಅವರೇ ಹೇಳಲಿ. ಎಷ್ಟು ಹೊತ್ತಾದರೂ ಕಾಯಿರಿ.

— ಸಂಪಾದಕ