ಸ್ವಂತ ಫೋನಿನಲ್ಲಿ ಕಂಪನಿಯ ಹಾಜರಿ ಆ್ಯಪ್ ಹಾಕಿಕೊಳ್ಳಲೇಬೇಕಾ?

ನೀವು ಕೇಳಿದ್ದು ಇಷ್ಟು. ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಕೆಲಸ. ಒಂದನೇ ತಾರೀಖಿನಿಂದ ಎಲ್ಲರೂ ಸ್ವಂತ ಫೋನಿನಲ್ಲಿ ಹಾಜರಿ ಆ್ಯಪ್ ಹಾಕಿಕೊಳ್ಳಬೇಕು, ಲೊಕೇಶನ್ ಯಾವಾಗಲೂ ಆನ್ ಇರಬೇಕು, ಇಲ್ಲದಿದ್ದರೆ ಆ ದಿನದ ಸಂಬಳ ಇಲ್ಲ ಅಂತ ಸ್ಟಾಫ್ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದಾರೆ. ಇದಕ್ಕೆ ಒಪ್ಪಲೇಬೇಕಾ, ಒಪ್ಪದಿದ್ದರೆ ಕೆಲಸ ಹೋಗುತ್ತಾ, ಕಾನೂನು ಏನು ಹೇಳುತ್ತದೆ?

ನಾನು ವಕೀಲ ಅಲ್ಲ. ಸುಂಟಿಕೊಪ್ಪ ಕಡೆ ಕಾಫಿ ತೋಟದಲ್ಲಿ ರೈಟರ್. ಹಾಜರಿ, ಬಟವಾಡೆ, ಪಿಎಫ್ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಅಂದರೆ ಇಂಥ ಆ್ಯಪ್‌ಗಳನ್ನು ಬೇರೆಯವರ ಫೋನಿಗೆ ಹಾಕಿಸುವ ಕಡೆ ಕೂತವನು. ಈ ಹಿಂದೆ ಇದ್ದ ಒಂದು ತೋಟದಲ್ಲಿ ಹಾಗೆ ಹಾಕಿಸಿದ್ದೇನೆ ಕೂಡ. ಅಲ್ಲಿ ಆಗಿದ್ದನ್ನು ಹೇಳಿದರೆ ನಿಮಗೆ ಜಾಸ್ತಿ ಉಪಯೋಗ ಆಗಬಹುದು.

ಮೊದಲು ಬಂದದ್ದು ಬೆರಳಚ್ಚಿನ ಮಷೀನು. ರೋಬಸ್ಟಾ ಕೊಯ್ಲಿನ ಸಮಯ. ಹಣ್ಣಿನ ರಸ ಅಂಟಿ ಅಂಟಿ ಕೈಯೆಲ್ಲ ಕಪ್ಪಾಗಿರುತ್ತದೆ, ಬೆರಳ ತುದಿಯ ಚರ್ಮ ಒಡೆದಿರುತ್ತದೆ. ಇಪ್ಪತ್ತು ವರ್ಷದಿಂದ ಕತ್ತಿ ಹಿಡಿದವರ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ ಹೇಳಿ. ಬೆಳಿಗ್ಗೆ ಚಳಿಯಲ್ಲಿ ಹೆಂಗಸರು ಸಾಲಾಗಿ ನಿಂತು, ಬೆರಳನ್ನು ಸೆರಗಿಗೆ ಒರೆಸಿ, ಆಮೇಲೆ ತಲೆಕೂದಲಿಗೆ ಉಜ್ಜಿ ಸ್ವಲ್ಪ ಎಣ್ಣೆ ಹಿಡಿಸಿಕೊಂಡು ಮತ್ತೆ ಒತ್ತುತ್ತಿದ್ದರು. ಮಷೀನು ಕೆಂಪು ದೀಪ ತೋರಿಸುತ್ತಿತ್ತು. ಅರ್ಧ ಗಂಟೆ ಅಲ್ಲೇ ಹೋಗುತ್ತಿತ್ತು. ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಆ ಅರ್ಧ ಗಂಟೆ ಅವರ ಜೇಬಿನಿಂದಲೇ ಹೋದಂತೆ.

ಮುಂದಿನ ವರ್ಷ ಮಷೀನು ತೆಗೆದು ಆ್ಯಪ್ ತಂದರು. ಸ್ಮಾರ್ಟ್‌ಫೋನ್ ಇದ್ದವರೆಲ್ಲ ಮುಖ ತೋರಿಸಿ ಹಾಜರಿ ಹಾಕಬೇಕು, ಲೊಕೇಶನ್ ಆನ್ ಇಡಬೇಕು. ಕಾರಣ ಆನೆ ಅಂತ ಹೇಳಿದರು. ತೋಟಕ್ಕೆ ಆನೆ ಬಂದಾಗ ಯಾರು ಯಾವ ಕಡೆ ಇದ್ದಾರೆ ಅಂತ ಗೊತ್ತಾದರೆ ಜೀವ ಉಳಿಯುತ್ತದೆ, ಅಲ್ವಾ? ಈ ಮಾತು ಸುಳ್ಳಲ್ಲ. ಕೊಡಗಿನ ತೋಟದಲ್ಲಿ ಕೆಲಸ ಮಾಡಿದ ಯಾರಿಗೂ ಆ ಭಯ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನಾನೂ ನಂಬಿ, ಕೆಲಸಗಾರರು ಸಾಲಾಗಿ ಇರುವ ಲೈನ್‌ಮನೆಗಳಿಗೆ ಹೋಗಿ ಒಬ್ಬೊಬ್ಬರ ಫೋನ್ ಕೈಗೆ ತೆಗೆದುಕೊಂಡು, ಎಲ್ಲದಕ್ಕೂ ‘ಅನುಮತಿಸಿ’ ಒತ್ತಿಕೊಟ್ಟೆ. ಏನು ಒತ್ತುತ್ತಿದ್ದೇನೆ ಅಂತ ಓದಲಿಲ್ಲ. ಅವರೂ ಕೇಳಲಿಲ್ಲ, ರೈಟರ್ ಮಾಡಿದ್ದಾರೆ ಅಂದರೆ ಸರಿ ಇರುತ್ತದೆ ಅಂತ.

ಒಂದು ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಕರೆದು ಕಂಪ್ಯೂಟರ್ ತೋರಿಸಿದರು. ಮ್ಯಾಪಿನ ಮೇಲೆ ಹಸಿರು ಚುಕ್ಕಿಗಳು. ಹಿಂದಿನ ದಿನದ್ದು, ಅಂದರೆ ಭಾನುವಾರದ್ದು. ಒಂದು ಚುಕ್ಕಿ ನಮ್ಮ ಬೇಲಿ ದಾಟಿ ಬೇರೆಯವರ ತೋಟದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಾಡಿತ್ತು. ನಮ್ಮಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬರು ರಜೆ ದಿನ ಅಲ್ಲಿ ಕಿಲೋ ಲೆಕ್ಕಕ್ಕೆ ಹಣ್ಣು ಕುಯ್ಯಲು ಹೋಗಿದ್ದರು. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಕೊಯ್ಲಿನಲ್ಲಿ ಆಳು ಸಿಗುವುದೇ ಕಷ್ಟ, ಹಾಗಾಗಿ ನಮ್ಮ ಆಳು ಬೇರೆಯವರ ತೋಟಕ್ಕೆ ಹೋದರೆ ಸಿಟ್ಟು ಬರುವುದು ಇಲ್ಲಿ ಹಳೆಯ ಕತೆ. ಅವರು ಕೇಳಿದ್ದ ಅಡ್ವಾನ್ಸ್ ಆ ವಾರ ಸಿಗಲಿಲ್ಲ. ‘ಭಾನುವಾರ ಸಂಪಾದನೆ ಆಗಿದೆಯಲ್ಲ’ ಅಂತ ಮ್ಯಾನೇಜರ್ ಅಂದರಂತೆ.

ಅವರು ಬಂದು ನನ್ನನ್ನು ಕೇಳಿದರು, ‘ರೈಟ್ರೇ, ನಾನು ಅಲ್ಲಿಗೆ ಹೋಗಿದ್ದು ಯಾರು ಹೇಳಿದ್ರು?’ ಫೋನಿನಿಂದ ಗೊತ್ತಾಯಿತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮೇಸ್ತ್ರಿ ಚಾಡಿ ಹೇಳಿದ್ದಾರೆ ಅಂತ ಅವರು ತಿಳಿದುಕೊಂಡರು. ಒಂದೇ ಲೈನಿನಲ್ಲಿ ಅಕ್ಕಪಕ್ಕ ಇದ್ದವರು ಎರಡು ವಾರ ಮಾತು ಬಿಟ್ಟರು. ಕೊನೆಗೆ ನಾನೇ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಇದ್ದ ವಿಷಯ ಹೇಳಿದೆ. ಇವತ್ತಿಗೂ ನನಗೆ ಅದು ನೆನಪಾದರೆ ಬೇಜಾರಾಗುತ್ತದೆ.

ಅದೇ ಮ್ಯಾಪಿನಲ್ಲಿ ಬೇರೆಯವರ ಭಾನುವಾರವೂ ಇತ್ತು. ಒಬ್ಬರ ಚುಕ್ಕಿ ಶನಿವಾರಸಂತೆಯ ತವರಿನಲ್ಲಿ, ಇನ್ನೊಬ್ಬರದ್ದು ಮಡಿಕೇರಿಯ ಆಸ್ಪತ್ರೆಯಲ್ಲಿ ಮೂರು ಗಂಟೆ. ಅವರು ಆಸ್ಪತ್ರೆಗೆ ಹೋಗಿದ್ದು ಮನೆಯವರಿಗಾದರೂ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಾಯಿತು.

ತೋಟದಲ್ಲಿ ಹಾಜರಿ ಹೊಸದೇನೂ ಅಲ್ಲ. ಚೆಕ್‌ರೋಲ್ ನಮ್ಮ ಅಜ್ಜಂದಿರ ಕಾಲದಿಂದ ಇದೆ. ಯಾರು ಬಂದರು, ಎಷ್ಟು ಹೊತ್ತು ಮಾಡಿದರು, ಎಷ್ಟು ಕಿಲೋ ಕುಯ್ದರು ಅಂತ ಬರೆಯುವುದು ಮಾಲೀಕರ ಹಕ್ಕು, ಕೂಲಿ ಸರಿಯಾಗಿ ಸಿಗಲು ಆಳಿಗೂ ಅದು ಬೇಕು. ಆದರೆ ಚೆಕ್‌ರೋಲ್ ಸಂಜೆ ಆಫೀಸಿನ ಬೀರುವಿನಲ್ಲಿ ಉಳಿಯುತ್ತಿತ್ತು. ಫೋನು ನಮ್ಮ ಜೊತೆ ಮನೆಗೆ ಬರುತ್ತದೆ, ದಿಂಬಿನ ಪಕ್ಕ ಮಲಗುತ್ತದೆ, ಸಂತೆಗೆ, ಮದುವೆಗೆ, ಡಾಕ್ಟರ ಹತ್ತಿರ ಬರುತ್ತದೆ. ಹಾಜರಿ ಬೇಕು ಅನ್ನುವವರಿಗೆ ಇದೆಲ್ಲ ಯಾಕೆ ಬೇಕು? ನಿಮ್ಮ ರೆಸಾರ್ಟ್‌ನವರನ್ನು ನೀವು ಕೇಳಬೇಕಾದ್ದು ಇದನ್ನೇ.

ಇನ್ನು ಆನೆಯ ವಿಷಯ. ಆನೆ ನೀರಿಗೆ ಇಳಿಯುವ ತಗ್ಗಿನಲ್ಲಿ ನೆಟ್‌ವರ್ಕೇ ಇರಲಿಲ್ಲ. ಚುಕ್ಕಿ ಎಲ್ಲಿಂದ ಬರಬೇಕು? ಅರಣ್ಯ ಇಲಾಖೆಯವರು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಮೆಸೇಜು, ಮೇಸ್ತ್ರಿಯ ಕೂಗು, ಇವೇ ನಮ್ಮನ್ನು ಕಾದವು.

ಈಗ ಕಾನೂನು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಆಧಾರ್ ವಿರುದ್ಧ. ಆದರೆ ಈ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ನಿಮ್ಮ ರೆಸಾರ್ಟ್ ಖಾಸಗಿ. ಅಲ್ಲಿಗೆ ಬರುವುದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ.

ಈ ಕಾಯ್ದೆಯಲ್ಲಿ ನಿಮಗೆ ಇಷ್ಟವಾಗದ ಒಂದು ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ. 7ನೇ ಸೆಕ್ಷನ್ ಪ್ರಕಾರ ಉದ್ಯೋಗಕ್ಕೆ ಸಂಬಂಧಿಸಿದ ಉದ್ದೇಶಕ್ಕೆ, ಅಥವಾ ಕಂಪನಿಗೆ ನಷ್ಟ ಆಗದಂತೆ ತಡೆಯಲು, ಕೆಲಸಗಾರರ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಬಹುದು. ಹಾಗಾಗಿ ‘ನನ್ನ ಒಪ್ಪಿಗೆ ಇಲ್ಲ, ಮುಗೀತು’ ಅಂತ ಎದ್ದು ಬರುವ ಹಾಗಿಲ್ಲ. ಆದರೆ ‘ಉದ್ಯೋಗದ ಉದ್ದೇಶ’ ಅನ್ನುವುದರೊಳಗೆ ನಿಮ್ಮ ರಜೆ ದಿನ ಹೇಗೆ ಬರುತ್ತದೆ? ಡ್ಯೂಟಿ ಮುಗಿದ ಮೇಲಿನ ಲೊಕೇಶನ್, ಕಾಂಟ್ಯಾಕ್ಟ್ಸ್, ಫೋಟೋ ಗ್ಯಾಲರಿ ಇವು ಹಾಜರಿಗೆ ಬೇಕಿಲ್ಲ. ಒಪ್ಪಿಗೆ ಪಡೆಯುವ ಕಡೆ ಇದೇ ಕಾಯ್ದೆ ಒಂದು ಉದಾಹರಣೆ ಕೊಡುತ್ತದೆ: ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು ಕಾಂಟ್ಯಾಕ್ಟ್ಸ್ ಕೂಡ ಕೇಳಿ, ನೀವು ಎರಡಕ್ಕೂ ಹೂಂ ಅಂದರೂ, ಸಲಹೆಗೆ ಎಷ್ಟು ಬೇಕೋ ಅಷ್ಟಕ್ಕೇ ಆ ಒಪ್ಪಿಗೆ ಸಲ್ಲುತ್ತದೆ. ಒಪ್ಪಿಗೆ ಕೇಳುವಾಗ ಕೊಡುವ ನೋಟಿಸನ್ನು ಸಂವಿಧಾನದ 8ನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಕೇಳಬಹುದು. ಕನ್ನಡ ಅದರಲ್ಲಿದೆ. ಇಂಗ್ಲಿಷಿನ ಹದಿನೈದು ಪುಟ ಕೊಟ್ಟು ಕೆಳಗೆ ಸಹಿ ಹಾಕಿ ಅಂದರೆ ಕನ್ನಡದಲ್ಲಿ ಕೊಡಿ ಅನ್ನಿ.

‘ಸಂಬಳ ಇಲ್ಲ’ ಅನ್ನುವ ಬೆದರಿಕೆ ಇದೆಯಲ್ಲ, ಅದು ನನ್ನ ಪ್ರಕಾರ ಅವರ ಮೆಸೇಜಿನಲ್ಲಿ ತೀರಾ ದುರ್ಬಲ ಭಾಗ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಯಾವ ಯಾವ ಕಾರಣಕ್ಕೆ ಸಂಬಳ ಹಿಡಿಯಬಹುದು ಅಂತ ಪಟ್ಟಿ ಇದೆ. ಹಳೆಯ 1936ರ ಕಾಯ್ದೆಯಲ್ಲೂ ಇತ್ತು. ಕೆಲಸಕ್ಕೆ ಬರದಿದ್ದರೆ ಹಿಡಿಯಬಹುದು. ಬಂದು ಎಂಟು ಗಂಟೆ ದುಡಿದವರಿಗೆ ಆ್ಯಪ್ ಇಲ್ಲ ಅಂತ ಗೈರುಹಾಜರಿ ಹಾಕಲು ಬರುವುದಿಲ್ಲ. ಇದಕ್ಕೆ ನೀವು ಬಂದಿದ್ದಕ್ಕೆ ಸಾಕ್ಷಿ ಬೇಕು, ಅದಕ್ಕೆ ಇವತ್ತಿನಿಂದಲೇ ಒಂದು ಸಣ್ಣ ಡೈರಿಯಲ್ಲಿ ಬಂದ ಹೊತ್ತು, ಹೋದ ಹೊತ್ತು, ಆ ದಿನ ಯಾರ ಜೊತೆ ಶಿಫ್ಟ್ ಅಂತ ಬರೆದಿಡಿ. ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಮಡಿಕೇರಿಯಲ್ಲಿ ಕಾರ್ಮಿಕ ಅಧಿಕಾರಿಗಳ ಕಚೇರಿ ಇದೆ, ದೂರು ಅಲ್ಲಿಗೆ ಕೊಡಬಹುದು.

‘ಇಷ್ಟೆಲ್ಲ ಕಣ್ಣಿಟ್ಟರೆ ಮೋಸ ನಿಲ್ಲುತ್ತದೆ’ ಅನ್ನುವವರಿಗೆ ಉದ್ಯೋಗ ಖಾತ್ರಿಯ ಕತೆ ಹೇಳಿ. 2023ರ ಜನವರಿಯಿಂದ ಎಲ್ಲ ಕಾಮಗಾರಿಗಳಲ್ಲೂ ದಿನಕ್ಕೆ ಎರಡು ಸಲ ಕೂಲಿಯವರ ಫೋಟೋ ಆ್ಯಪ್‌ಗೆ ಹಾಕುವುದು ಕಡ್ಡಾಯ ಆಯಿತು. ನೆಟ್‌ವರ್ಕ್ ಇಲ್ಲದ ಕಡೆ ಫೋಟೋ ಹೋಗದೆ, ದುಡಿದವರಿಗೂ ಕೂಲಿ ತಪ್ಪಿತು. ಮೋಸ ಮಾಡುವವರು ಫೋಟೋದ ಫೋಟೋ ತೆಗೆದು, ಸಂಬಂಧವೇ ಇಲ್ಲದ ಚಿತ್ರ ಹಾಕಿ ದಾಟಿಕೊಂಡರು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಇದನ್ನು ಬರೆದು ರಾಜ್ಯಗಳಿಗೆ ಕಳಿಸಿತು. ನಮ್ಮ ರಾಜ್ಯದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರಕ್ಕೆ ಕೂತಾಗ ಅವರ ದೊಡ್ಡ ದೂರುಗಳಲ್ಲಿ ಒಂದು ಕೆಲಸಕ್ಕೆಂದು ಹೇರಿದ ಮೊಬೈಲ್ ಆ್ಯಪ್‌ಗಳ ಹೊರೆಯೇ. ಫ್ರಾನ್ಸಿನಲ್ಲಂತೂ ಅಮೆಜಾನ್ ಗೋದಾಮಿನ ಕಂಪನಿಗೆ 3.2 ಕೋಟಿ ಯೂರೋ ದಂಡ ಬಿತ್ತು, 2024ರ ಜನವರಿಯಲ್ಲಿ ಅದು ಸುದ್ದಿಯಾಯಿತು. ಕೆಲಸಗಾರರ ಕೈಲಿದ್ದ ಸ್ಕ್ಯಾನರ್ 10 ನಿಮಿಷ ಸುಮ್ಮನಿದ್ದರೂ ಲೆಕ್ಕಕ್ಕೆ ಹಿಡಿಯುತ್ತಿದ್ದರು ಅನ್ನುವುದೂ ಕಾರಣಗಳಲ್ಲಿ ಒಂದು. ನೋಡಿ, ಆ ಸ್ಕ್ಯಾನರ್ ಕಂಪನಿಯದ್ದೇ ಆಗಿತ್ತು, ಡ್ಯೂಟಿಯ ಹೊತ್ತಿನ ಲೆಕ್ಕವೇ ಆಗಿತ್ತು. ಅದೂ ಅತಿಯಾಯಿತು ಅಂದರು ದಂಡ ಹಾಕಿದವರು.

ಕಂಪನಿಯೇ ಫೋನೋ ಲ್ಯಾಪ್‌ಟಾಪೋ ಕೊಟ್ಟಿದ್ದರೆ ನನ್ನ ಉತ್ತರ ಸ್ವಲ್ಪ ಬೇರೆ. ನನ್ನ ತಂಗಿಯ ಮಗ ಪೊನ್ನಂಪೇಟೆಯ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುತ್ತಾನೆ, ಅವನ ಲ್ಯಾಪ್‌ಟಾಪ್ ಆಗಾಗ ಸ್ಕ್ರೀನಿನ ಫೋಟೋ ತೆಗೆದು ಆಫೀಸಿಗೆ ಕಳಿಸುತ್ತದೆ. ಅವನಿಗೆ ನಾನು ಹೇಳಿದ್ದು ಒಂದೇ, ಅದರಲ್ಲಿ ಮನೆಯ ಬ್ಯಾಂಕು, ಅಮ್ಮನ ಸ್ಕ್ಯಾನ್ ರಿಪೋರ್ಟು ತೆಗೆಯಬೇಡ ಅಂತ. ನಿಮ್ಮದು ಸ್ವಂತ ದುಡ್ಡಿನ ಫೋನು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಒಬ್ಬರೇ ಹೋಗಬೇಡಿ. ಒಬ್ಬರೇ ಹೋದರೆ ‘ಇವರಿಗೆ ಮಾತ್ರ ಏನು ತೊಂದರೆ’ ಅನ್ನುತ್ತಾರೆ, ಆಮೇಲೆ ಬೇರೆ ಯಾವುದೋ ಕಾರಣ ಹೇಳಿ ಕೆಲಸ ಬಿಡಿಸಿದರೂ ಆಶ್ಚರ್ಯ ಇಲ್ಲ, ಆ ಭಯ ಸುಳ್ಳು ಅಂತ ನಾನು ಹೇಳಲಾರೆ. ಹೌಸ್‌ಕೀಪಿಂಗ್‌ನವರು, ಕಿಚನ್‌ನವರು, ಗೇಟಿನವರು ಸೇರಿ ಒಂದು ಕಾಗದ ಬರೆದುಕೊಡಿ. ಹಾಜರಿ ಕೊಡಲು ನಾವು ತಯಾರಿದ್ದೇವೆ ಅಂತಲೇ ಶುರುಮಾಡಿ. ಯಾವ ಮಾಹಿತಿ ತೆಗೆಯುತ್ತೀರಿ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಕೆಲಸ ಬಿಟ್ಟರೆ ಅಳಿಸುತ್ತೀರಾ ಅಂತ ಕೇಳಿ. ಜೊತೆಗೆ ಒಂದು ದಾರಿಯನ್ನೂ ನೀವೇ ಸೂಚಿಸಿ: ಗೇಟಿನಲ್ಲೋ ಸ್ಟಾಫ್ ರೂಮಿನಲ್ಲೋ ರೆಸಾರ್ಟಿನದೇ ಒಂದು ಟ್ಯಾಬ್ ಇಡಲಿ, ಬರುವಾಗ ಹೋಗುವಾಗ ಎಲ್ಲರೂ ಅದರಲ್ಲಿ ಹಾಕುತ್ತಾರೆ.

ನಮ್ಮ ಈಗಿನ ತೋಟದಲ್ಲಿ ಹಾಗೇ ನಡೆಯುತ್ತಿದೆ. ಆಫೀಸಿನ ಜಗಲಿಯಲ್ಲಿ ಒಂದು ಟ್ಯಾಬ್, ಪಕ್ಕದಲ್ಲಿ ಪುಸ್ತಕದ ಚೆಕ್‌ರೋಲ್. ಪುಸ್ತಕ ಯಾಕೆ ಅಂದರೆ ಜುಲೈ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ ಅನ್ನುವುದು ಇಲ್ಲಿ ಮಾಮೂಲಿ. ಹೋದ ಮಳೆಗಾಲದಲ್ಲಿ ಟ್ಯಾಬ್ ಸತ್ತಾಗ ಬಟವಾಡೆ ಮಾಡಿದ್ದು ಆ ಪುಸ್ತಕ ನೋಡಿಯೇ. ನಿಮ್ಮಲ್ಲೂ ಒಂದು ರಿಜಿಸ್ಟರ್ ಇಡಲು ಹೇಳಿ.

ರೆಸಾರ್ಟ್‌ನವರು ನಿಮ್ಮ ಮಾತು ಕೇಳಲೇ ಇಲ್ಲ, ಕೆಲಸ ಬಿಡುವ ಸ್ಥಿತಿಯಲ್ಲಿ ನೀವಿಲ್ಲ ಅಂತಾದರೆ ಆ್ಯಪ್ ಹಾಕಿಕೊಳ್ಳಿ, ಅದಕ್ಕೆ ನಾಚಿಕೆ ಪಡಬೇಡಿ. ಆದರೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ಲೊಕೇಶನ್ ಅನುಮತಿಯನ್ನು ‘ಆ್ಯಪ್ ಬಳಸುವಾಗ ಮಾತ್ರ’ ಅಂತ ಇಡಿ, ‘ಯಾವಾಗಲೂ’ ಅಂತ ಬೇಡ. ಕಾಂಟ್ಯಾಕ್ಟ್ಸ್, ಫೋಟೋ, ಮೈಕ್ ಎಲ್ಲ ತೆಗೆದುಬಿಡಿ. ‘ಡಿವೈಸ್ ಅಡ್ಮಿನ್’ ಅನ್ನುವ ಅನುಮತಿ ಕೇಳಿದರೆ ಅಲ್ಲೇ ನಿಲ್ಲಿಸಿ, ಅದು ಸಿಕ್ಕರೆ ನಿಮ್ಮ ಫೋನನ್ನು ಲಾಕ್ ಮಾಡುವ, ಪೂರ್ತಿ ಅಳಿಸುವ ಅಧಿಕಾರವೂ ಅವರ ಕೈಗೆ ಹೋಗಬಹುದು. ಮನೆಯಲ್ಲಿ ಹಳೆಯ ಫೋನ್ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಆ್ಯಪ್ ಅದರಲ್ಲಿ ಹಾಕಿ, ಡ್ಯೂಟಿ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ ಬ್ಯಾಗಿನಲ್ಲಿ ಇಡಿ.

ಆ ಆ್ಯಪ್ ಏನೇನು ಅನುಮತಿ ಕೇಳುತ್ತಿದೆ ಅಂತ ಪಟ್ಟಿ ಮಾಡಿ ಇಲ್ಲೇ ಬರೆಯಿರಿ. ಯಾವುದು ಹಾಜರಿಗೆ ಬೇಕು, ಯಾವುದು ಬೇಡ ಅಂತ ನೋಡಿ ಹೇಳುತ್ತೇನೆ. ಕೊಯ್ಲು ನಡೆಯುತ್ತಿದೆ, ಸಂಜೆ ತೂಕ ಮುಗಿಯುವ ಹೊತ್ತಿಗೆ 7 ಗಂಟೆ ಆಗುತ್ತದೆ. ಅದಾದ ಮೇಲೆ ಉತ್ತರ ಹಾಕುತ್ತೇನೆ.