ಕುರಿ ತೊಗಲು ಮಳೆಗಾಲದಲ್ಲಿ ಯಾಕೆ ಬೆವರತ್ತೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜನವರಿಲಿ ಮನೇಲಿ ಕುರಿ ಕಡ್ದಿದ್ವಿ, ಚರ್ಮ ಯಾಕೆ ಬಿಸಾಡೋದು ಅಂತ ಪಟಿಕ ಉಪ್ಪು ಹಾಕಿ ನಾನೇ ಹದ ಮಾಡ್ದೆ. ಚೆನ್ನಾಗೇ ಬಂತು, ದಿವಾನ್ ಮೇಲೆ ಹಾಸಿದ್ವಿ. ಜೂನ್‌ನಲ್ಲಿ ಮಳೆ ಹಿಡ್ಕೊಂಡಿದ್ದೇ ಅದು ಬೆವರೋಕೆ ಶುರು, ಮುಟ್ಟಿದ್ರೆ ತಣ್ಣಗೆ ಅಂಟತ್ತೆ. ತೊಳೆದು ಒಣಗಿಸ್ದೆ, ಈಗ ಹಪ್ಪಳ ಆಗಿದೆ. ಎಲ್ಲಿ ತಪ್ಪಾಯ್ತು?
– ಸೋಮವಾರಪೇಟೆ ಕಡೆಯ ಓದುಗರು

ಉತ್ತರ: ತೊಳೆಯೋ ತನಕ ನೀವು ಏನೂ ತಪ್ಪು ಮಾಡಿಲ್ಲ. ಪಟಿಕ ಚರ್ಮದ ನಾರಿಗೆ ಗಟ್ಟಿಯಾಗಿ ಕಚ್ಕೊಳ್ಳಲ್ಲ, ನೀರಿಗೆ ಹಾಕಿದ್ರೆ ಬಿಟ್ಕೊಂಡು ಬರತ್ತೆ, ಹಾಗಾಗಿ ನಿಮ್ಮತ್ರ ಈಗ ಇರೋದು ಹೆಚ್ಚುಕಮ್ಮಿ ಹಸಿ ಚರ್ಮಾನೇ. ಬೆವರಿದ್ದು ಉಪ್ಪಿನ ದೆಸೆಯಿಂದ, ಡಬ್ಬಿಲಿರೋ ಉಪ್ಪೇ ನೀರಾಗೋ ನಮ್ಮ ಕೊಡಗಿನ ಮಳೇಲಿ ತೊಗಲೊಳಗಿನ ಉಪ್ಪು ಸುಮ್ನಿರತ್ತಾ? ಒಣ ಊರಲ್ಲಿ ಕೂತು ಮಾಡಿದ ವಿಡಿಯೋಗಳು ಇದನ್ನ ಹೇಳಲ್ಲ.

ಈಗಿರೋದನ್ನ ಉಪ್ಪುನೀರಲ್ಲಿ ಮೆತ್ತಗಾಗೋವರೆಗೂ ನೆನೆಸಿ ಇನ್ನೊಂದ್ಸಲ ಪಟಿಕಕ್ಕೆ ಹಾಕ್ಬೋದು, ಹತ್ತು ಲೀಟರ್ ನೀರಿಗೆ 1 ಕೆಜಿ ಪಟಿಕ, ಅರ್ಧ ಕೆಜಿ ಕಲ್ಲುಪ್ಪು, ದಿನಾ ಎರಡು ಸಲ ತಿರುವಿ ಹಾಕಿ ಒಂದು ವಾರ. ಆದ್ರೆ ಮುಂದಿನ ಜೂನ್‌ಗೆ ಮತ್ತೆ ಇದೇ ಕಥೆ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳೋದು, ನಮ್ಮೂರಿಗೆ ಚಕ್ಕೆ ಹದಾನೇ ಸರಿ ಅಂತ. ಮರದ ಚಕ್ಕೇಲಿರೋ ಒಗರು ನಾರನ್ನ ಹಿಡ್ಕೊಂಡ್ರೆ ನೀರಿಗೆಲ್ಲ ಸುಲಭಕ್ಕೆ ಬಿಡಲ್ಲ. ಬಯಲುಸೀಮೆ ಕಡೆಯಿಂದ ತಂಗಡಿ ಚಕ್ಕೆ ಇಲ್ಲಾ ಜಾಲಿ ಚಕ್ಕೆ ತರಿಸ್ಕೊಳ್ಳಿ, ಅಳಲೆಕಾಯಿ ಗ್ರಂದಿಗೆ ಅಂಗಡೀಲೇ ಸಿಗತ್ತೆ, ಕಾಡಿಗೆ ಹೋಗಿ ಮತ್ತಿ ಮರದ ಸಿಪ್ಪೆ ಕೆತ್ಕೊಂಡು ಬರೋ ಕೆಲ್ಸ ಮಾತ್ರ ಬೇಡ. ಚಕ್ಕೆ ಕುಟ್ಟಿ ಕುದಿಸಿ, ಪೂರ್ತಿ ಆರಿದ ಮೇಲೇನೇ ಚರ್ಮ ಹಾಕೋದು, ಬಿಸಿ ಇದ್ರೆ ಚರ್ಮ ಮುದುಡ್ಕೊಂಡು ಹೋಗತ್ತೆ. ಮೊದಲ್ನೇ ವಾರ ತೆಳ್ಳಗಿನ ಟೀ ತರ ಇರ್ಲಿ, ಆಮೇಲೆ ವಾರವಾರ ಗಟ್ಟಿ ಮಾಡ್ತಾ ಹೋಗಿ. ಅವಸರಕ್ಕೆ ಶುರುವಲ್ಲೇ ಗಟ್ಟಿ ಕಷಾಯಕ್ಕೆ ಹಾಕಿದ್ರೆ ಮೇಲ್ಮೈ ಮುಚ್ಕೊಂಡು ಒಳಗೆ ಹಸಿ ಉಳಿಯತ್ತೆ, ಸರಿಯಾಗಿ ಬೇಯದ ಕಡಂಬುಟ್ಟು (ಅಕ್ಕಿ ಕಡುಬು) ತರ. ಮೂರ್ನಾಲ್ಕು ವಾರ ಆದ್ಮೇಲೆ ಅಂಚಲ್ಲಿ ಒಂಚೂರು ಕತ್ತರಿಸಿ ನೋಡಿ, ನಡುವೆ ಬಿಳಿ ಗೆರೆ ಕಂಡ್ರೆ ಇನ್ನೂ ಆಗಿಲ್ಲ. ಅಳಲೆಕಾಯಿ ಕಷಾಯ ಕೊನೆಗೆ, ಬಣ್ಣ ತಿಳಿಯಾಗೋಕೆ. ಪ್ಲಾಸ್ಟಿಕ್ ಡ್ರಮ್ಮೇ ಬಳಸಿ, ಕಬ್ಬಿಣದ ಬಕೆಟ್ ತಾಗಿದ್ರೆ ಶಾಯಿ ಚೆಲ್ಲಿದ ಹಾಗೆ ಕಪ್ಪಾಗತ್ತೆ, ನಂದೊಂದು ಆಡಿನ ಚರ್ಮ ಹೀಗೇ ಹೋಯ್ತು.

ಒಂದು ನಷ್ಟ ಇದೆ, ಉಣ್ಣೆನೂ ಕಂದು ಆಗತ್ತೆ. ಬಿಳೀನೇ ಬೇಕು ಅಂದ್ರೆ ಪಟಿಕಾನೇ ಗತಿ, ಮಳೆಗಾಲ ಪೂರ್ತಿ ಒಲೆ ಮೇಲಿನ ಅಟ್ಟದಲ್ಲಿ ಇಡಿ.

ಹಪ್ಪಳ ಆಗಿದ್ದಕ್ಕೆ ಇನ್ನೊಂದು ಕಾರಣಾನೂ ಇದೆ, ಒಣಗಿಸೋಕೆ ಬಿಟ್ಟು ನೀವು ಸುಮ್ನೆ ಕೂತ್ರಿ. ಯಾವ ಹದ ಮಾಡಿದ್ರೂ ಅಷ್ಟೇ, ನೆರಳಲ್ಲಿ ಆರ್ತಾ ಆರ್ತಾ ಇಸ್ತ್ರಿ ಮಾಡೋಕೆ ನೀರು ಚಿಮುಕ್ಸಿದ ಬಟ್ಟೆಯಷ್ಟು ಒದ್ದೆ ಇರುವಾಗ ಮೊಂಡು ಹಲಗೆ ಅಂಚಿಗೆ ಒಳಮೈ ಕೊಟ್ಟು ಎಳೀಬೇಕು, ಮತ್ತೆ ಮತ್ತೆ, ತೋಳು ಬಿದ್ದೋಗೋವರೆಗೂ. ಎಳೆಯೋ ಮೊದ್ಲು ಮೊಟ್ಟೆ ಹಳದಿ ಬೆಚ್ಚಗಿನ ನೀರಲ್ಲಿ ಕಲಸಿ ಹಚ್ಚಿ, ಚೆನ್ನಾಗಿ ಒಳಗಿಳಿಯತ್ತೆ. ಕೊಬ್ಬರಿ ಎಣ್ಣೆ ಬೇಡ, ಚಳೀಗೆ ಗಟ್ಟಿಯಾಗತ್ತೆ.

ಉಪ್ಪು ಪಟಿಕದ ನೀರನ್ನ ಕಾಫಿ ಬುಡಕ್ಕೆ, ತೋಡಿಗೆ ಚೆಲ್ಬೇಡಿ.

ಪ್ರಶ್ನೆ: ನಮ್ಮನೆ ಹಳೇ ದುಡಿಯ (ಕೊಡವರ ಸಣ್ಣ ಚರ್ಮವಾದ್ಯ) ಚರ್ಮ ಹರಿದಿತ್ತು. ಆಡಿನ ಚರ್ಮಾನ ಪಟಿಕದಲ್ಲಿ ಹದ ಮಾಡಿ ಕಟ್ಟಿದ್ರೆ ನಾದಾನೇ ಇಲ್ಲ, ದಿಂಬಿಗೆ ಬಡಿದ ಹಾಗೆ.
– ನಾಪೋಕ್ಲು ಹತ್ತಿರದ ಓದುಗರು

ಉತ್ತರ: ಹದ ಮಾಡಿದ್ದೇ ತಪ್ಪು! ಹದ ಅಂದ್ರೆ ನಾರನ್ನ ಸಡಿಲವಾಗಿ, ಮೆತ್ತಗೆ ಇಡೋದು, ದುಡಿಗೆ ಬೇಕಾಗಿರೋದು ಬಿಗಿ. ಎಳೇ ಆಡಿನ ತೆಳು ಚರ್ಮಾನ ಸುಣ್ಣದ ನೀರಲ್ಲಿ ಕೂದಲು ಕೈಗೆ ಬರೋವರೆಗೂ ಇಡಿ (ಕೈಗೆ ಗ್ಲೌಸ್ ಇರ್ಲಿ), ಕೂದಲು ಕೊಬ್ಬು ಎಲ್ಲ ಹೆರೆದು, ಸುಣ್ಣ ಹೋಗೋ ತನಕ ತೊಳೆದು, ಒದ್ದೆ ಇದ್ದಾಗ್ಲೇ ಎಳೆದು ಕಟ್ಟಿ ನೆರಳಲ್ಲಿ ಬಿಡಿ. ಆರ್ತಾ ಅದೇ ಬಿಗಿಯಾಗತ್ತೆ. ಮಳೇಲಿ ಸಡಿಲ ಆದ್ರೆ ಪಾಟ್ (ಹಾಡು) ಶುರು ಮಾಡೋ ಮೊದ್ಲು ಒಲೆಗೆ ಸ್ವಲ್ಪ ದೂರದಿಂದ ಬಿಸಿ ತೋರ್ಸಿ, ಸಾಕು.

ಪ್ರಶ್ನೆ: ಅಜ್ಜನ ಕಾಲದ ಜಿಂಕೆ ಚರ್ಮ ಅಟ್ಟದಲ್ಲಿ ಸಿಕ್ತು, ಹುಳ ತಿಂದಿದೆ. ಮತ್ತೆ ಹದ ಮಾಡ್ಬೋದಾ?
– ವಿರಾಜಪೇಟೆ ತಾಲೂಕಿನ ಓದುಗರು

ಉತ್ತರ: ಮೊದ್ಲು ಹುಳ ಅಲ್ಲ, ಕಾಗದ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರ ಬೇಕು, ಅಜ್ಜನ ಕಾಲದ್ದು ಅನ್ನೋ ಮಾತು ನಡೆಯಲ್ಲ. ಕಾಗದ ಸಿಗ್ಲಿಲ್ಲ ಅಂದ್ರೆ ನೀರಿಗೂ ಹಾಕ್ಬೇಡಿ, ಯಾರಿಗೂ ಕೊಡ್ಬೇಡಿ, ಗೊತ್ತಿರೋ ವಕೀಲರನ್ನ ಕರ್ಕೊಂಡು ಅರಣ್ಯ ಇಲಾಖೆ ಆಫೀಸಿಗೆ ಹೋಗಿ ಮಾತಾಡಿ.